ಅಂಗಡಿಯವನೂ ವಿದ್ವಾಂಸನೂ: ಯೆಮೆನಿನ ಎರಡು ಕಾದಂಬರಿಗಳು

ಯೆಮೆನಿನ ಆಧುನಿಕ ಕಥಾಸಾಹಿತ್ಯಕ್ಕೆ ಪರದೇಶವಾಸವು ಹೊಸದಾಗಿ ಬಂದ ವಸ್ತುವಲ್ಲ. ಪೂರ್ವ ಆಫ್ರಿಕ, ಹಿಂದೂಸ್ಥಾನ, ಜಾವಾಗಳವರೆಗೆ ಹಡಗೇರಿ ಹೋಗಿ ಬದುಕನ್ನು ಕಟ್ಟಿಕೊಂಡವರ ನಾಡು ಅದು. ಆದರೆ ವ್ಯಾಪಾರಕ್ಕೆಂದು ಹೊರಟವನನ್ನು ಅಳೆದ ಕೋಲಿನಿಂದಲೇ ವಿದ್ಯೆಗೆಂದು ಹೊರಟವನನ್ನೂ ಅಳೆಯಬಹುದೆ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ಮೈಸೂರು, ಬೆಂಗಳೂರುಗಳ ವಿಶ್ವವಿದ್ಯಾನಿಲಯಗಳಲ್ಲಿ ಯೆಮೆನಿನ ಸಂಶೋಧನ ವಿದ್ಯಾರ್ಥಿಗಳನ್ನು ಕಂಡಿರುವ ನಮ್ಮ ಅಧ್ಯಾಪಕರಿಗೆ ಈ ಪ್ರಶ್ನೆ ತೀರ ದೂರದ್ದೆಂದು ತೋರಲಾರದು.

ಮುಹಮ್ಮದ್ ಅಬ್ದುಲ್ ವಲಿ ಅವರು ಇಥಿಯೋಪಿಯದಲ್ಲಿ ಹುಟ್ಟಿದವರು. ತಂದೆ ಯೆಮೆನಿನವರು, ತಾಯಿ ಇಥಿಯೋಪಿಯದವರು. ಕೈರೋದಲ್ಲಿಯೂ ಮಾಸ್ಕೋದಲ್ಲಿಯೂ ವ್ಯಾಸಂಗ ಮಾಡಿ, 1973ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಅವರ ‘ಯಮೂತೂನ ಗುರಬಾ’ ಎಂಬ ಕಿರುಕಾದಂಬರಿಯ ಹೆಸರನ್ನು ‘ಪರಕೀಯರಾಗಿಯೇ ಸಾಯುತ್ತಾರೆ’ ಎಂದು ಕನ್ನಡಿಸಬಹುದು. ಇದರ ನಾಯಕ ಅಬ್ದೊ ಸಯೀದ್ ಅಡಿಸ್ ಅಬಾಬದಲ್ಲಿ ಒಂದು ಕಿರಿದಾದ ಕೊಳಕು ಅಂಗಡಿಯನ್ನಿಟ್ಟುಕೊಂಡು, ಕಾಸಿಗೆ ಕಾಸು ಕೂಡಿಸಿ, ತಾನು ಎಂದೂ ಬಾಳದ ದೊಡ್ಡ ಮನೆಯೊಂದನ್ನು ಊರಿನಲ್ಲಿ ಕಟ್ಟಿಸುತ್ತಾನೆ. ಇಥಿಯೋಪಿಯದ ಹೆಂಗಸಿನಲ್ಲಿ ತನಗೆ ಹುಟ್ಟಿದ ಮಗುವನ್ನು ತನ್ನದೆಂದು ಒಪ್ಪಿಕೊಳ್ಳುವುದಿಲ್ಲ. ಎರಡು ನಾಡುಗಳಲ್ಲಿ ಯಾವುದಕ್ಕೂ ಸಲ್ಲದೆ ಸಾಯುತ್ತಾನೆ. ಗ್ರಂಥಕರ್ತರು ಅವನ ವಿಷಯದಲ್ಲಿ ನಿಷ್ಠುರರಾಗಿದ್ದಾರೆ. ಆ ನಿಷ್ಠುರತೆ ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ. ಏಕೆಂದರೆ ಅಂಗಡಿಯ ಬಾಗಿಲನ್ನು ಯಾವ ದಿನ ಬೇಕಾದರೂ ಹಾಕಬಹುದಾಗಿತ್ತು. ಹೆಂಡತಿ ಊರಿನಲ್ಲಿದ್ದಳು, ಮನೆ ಅಲ್ಲಿ ಎದ್ದಿತ್ತು. ಹಿಂದಿರುಗುವುದು ಅವನ ಇಚ್ಛೆಗೆ ಬಿಟ್ಟದ್ದಾಗಿತ್ತು.

ವಿದ್ವಾಂಸನ ಸಂಗತಿ ಹೀಗಲ್ಲ. 1947ರಲ್ಲಿ ಇಮಾಮ್ ಯಹ್ಯಾ ಸುಮಾರು ನಲವತ್ತು ಮಂದಿ ಹುಡುಗರನ್ನು ವ್ಯಾಸಂಗಕ್ಕಾಗಿ ಲೆಬನಾನಿಗೆ ಕಳುಹಿಸಿದನು. ಅವರು ಮುಂದೆ ಈಜಿಪ್ಟಿಗೂ ಹೋದರು. ಈ ‘ನಲವತ್ವರಲ್ಲಿ’ ಹಲವರು 1962ರ ಕ್ರಾಂತಿಯ ಬಳಿಕ ಹೊಸ ಗಣರಾಜ್ಯದ ಆಡಳಿತವನ್ನು ಹೊತ್ತರು. ಮುಹ್ಸಿನ್ ಅಲ್ ಐನೀ ಪ್ರಧಾನಮಂತ್ರಿಯಾದರು. 1970ರಲ್ಲಿ ಸನಾದಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಆ ತಲೆಮಾರಿನವರಿಗೆ ಹಿಂದಿರುಗಿ ಬಂದರೆ ಮಾಡಲು ಕೆಲಸವೂ ಕುಳಿತುಕೊಳ್ಳಲು ಪೀಠವೂ ಇದ್ದವು. ವಿದ್ಯೆಯು ಹಣದಂತಲ್ಲ, ಪ್ರಯೋಗಶಾಲೆ, ಗ್ರಂಥಭಂಡಾರ, ಶಿಷ್ಯವರ್ಗಗಳಿಲ್ಲದೆಡೆ ಅದು ಬಾಳದು.

ಈ ಹಿನ್ನೆಲೆಯಲ್ಲಿ ಹಬೀಬ್ ಅಬ್ದುರ್ರಬ್ ಸರೂರಿ ಅವರ ‘ಸುಸ್ಲೋವನ ಮಗಳು’ ಎಂಬ ಕಾದಂಬರಿಯನ್ನು ಪರಿಶೀಲಿಸುವುದು ಉಚಿತ. 1956ರಲ್ಲಿ ಏಡನ್ನಿನಲ್ಲಿ ಹುಟ್ಟಿದ ಸರೂರಿ ಫ್ರಾನ್ಸಿನ ರೂವಾಂ ನಗರದಲ್ಲಿ ಗಣಕವಿಜ್ಞಾನದ ಪ್ರಾಧ್ಯಾಪಕರಾಗಿ ನೆಲಸಿದವರು. ಅರಬ್ಬಿಯಲ್ಲಿ ಈ ಕಾದಂಬರಿ 2014ರಲ್ಲಿ ಪ್ರಕಟವಾಯಿತು. 2017ರಲ್ಲಿ ಇಂಗ್ಲಿಷಿಗೂ ಬಂದಿತು. ಕಥಾನಾಯಕ ಅಮ್ರಾನ್ ಮಾರ್ಕ್ಸ್‌ವಾದಿ ಏಡನ್ನಿನಲ್ಲಿ ಬೆಳೆದು ಪ್ಯಾರಿಸಿಗೆ ಹೋಗುತ್ತಾನೆ; ಅಲ್ಲಿ 1995ರ ಬಾಂಬು ಸ್ಫೋಟದಲ್ಲಿ ಪತ್ನಿಯನ್ನು ಕಳೆದುಕೊಳ್ಳುತ್ತಾನೆ. ಬಳಿಕ ಸನಾದಲ್ಲಿ, ತಾನು ಎಳೆತನದಲ್ಲಿ ಮೆಚ್ಚಿದ್ದ ಹುಡುಗಿಯನ್ನು ಸಲಫಿ ಪಂಥದ ಬೋಧಕಿಯಾಗಿ ಕಾಣುತ್ತಾನೆ. ಅವಳ ತಂದೆ ಪಕ್ಷದ ತತ್ತ್ವಬೋಧಕ; ಸೋವಿಯೆತ್ ಸಿದ್ಧಾಂತಿಯ ಹೆಸರೇ ಅವನಿಗೆ ಅಡ್ಡಹೆಸರು.

ತಂದೆಯ ಸಿದ್ಧಾಂತನಿಷ್ಠೆಯೇ ಮಗಳಲ್ಲಿ ಬೇರೊಂದು ವೇಷವನ್ನು ತೊಟ್ಟಿತೆಂಬ ಕಲ್ಪನೆ ಬಲವಾದದ್ದು. ಆದರೆ ಆ ಕಲ್ಪನೆಯ ಭಾರವನ್ನು ಹೊರುವುದರಲ್ಲಿಯೇ ಆ ಹೆಣ್ಣಿನ ಬಾಳೆಲ್ಲ ಕಳೆದುಹೋಗುತ್ತದೆ. ಅವಳು ವ್ಯಕ್ತಿಯಾಗುವುದಕ್ಕಿಂತ ಹೆಚ್ಚಾಗಿ ಸಂಕೇತವಾಗುತ್ತಾಳೆ. ಇದಕ್ಕಿಂತಲೂ ನಮ್ಮನ್ನು ಕಾಡುವ ಕೊರತೆ ಇನ್ನೊಂದುಂಟು. ಅಬ್ದೊ ಸಯೀದನ ಅಂಗಡಿಯ ವಾಸನೆ ನಮ್ಮ ಮೂಗಿಗೆ ತಟ್ಟುತ್ತದೆ. ಪರದೇಶದಲ್ಲಿ ಓದುವವನ, ಸಂಶೋಧನೆ ನಡೆಸುವವನ ದಿನವಹಿಯ ದುಡಿಮೆ ಹೇಗಿರುತ್ತದೆಂಬುದು ಮಾತ್ರ ಸರೂರಿ ಅವರಲ್ಲಿ ಹಿಂದೆ ಸರಿದಿದೆ. ಪ್ರೇಮ, ಶೋಕ, ರಾಜಕಾರಣಗಳೇ ಬೆಳಕನ್ನೆಲ್ಲ ಹೀರಿಕೊಂಡಿವೆ. ಆ ದುಡಿಮೆಯನ್ನು ಸ್ವತಃ ಬಲ್ಲ ಗ್ರಂಥಕರ್ತರಿಂದ ನಾವು ಹೆಚ್ಚನ್ನು ನಿರೀಕ್ಷಿಸಿದ್ದೆವು. ಹೊರನಾಡಿನಲ್ಲಿ ವಿದ್ವಾಂಸನನ್ನು ಹಿಡಿದು ನಿಲ್ಲಿಸುವುದು ಏನು ಎಂಬುದಕ್ಕೆ ಉತ್ತರವಿರುವುದು ಆ ದುಡಿಮೆಯಲ್ಲಿಯೇ ಅಲ್ಲವೆ?

ಕಾದಂಬರಿಯು ಪ್ರಕಟವಾದ ವರ್ಷದ ಸೆಪ್ಟೆಂಬರಿನಲ್ಲಿಯೇ ಹೂಥಿಗಳು ಸನಾವನ್ನು ವಶಪಡಿಸಿಕೊಂಡರು. 2015ರ ಮಾರ್ಚಿನಲ್ಲಿ ಸೌದಿ ಅರೇಬಿಯದ ನೇತೃತ್ವದ ಒಕ್ಕೂಟವು ವಾಯುದಾಳಿಯನ್ನು ಆರಂಭಿಸಿತು. ಮುಂದಿನ ವರ್ಷ ಕೇಂದ್ರ ಬ್ಯಾಂಕು ಏಡನ್ನಿಗೆ ವರ್ಗವಾಗಿ, ಉತ್ತರದ ಸರ್ಕಾರಿ ನೌಕರರ ಸಂಬಳ ಬಹುಮಟ್ಟಿಗೆ ನಿಂತಿತು; ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಇದಕ್ಕೆ ಹೊರತಾಗಲಿಲ್ಲ. ಸನಾದ ವಿಮಾನನಿಲ್ದಾಣವು 2016ರ ಆಗಸ್ಟಿನಿಂದ 2022ರ ಮೇ ತಿಂಗಳವರೆಗೆ ವಾಣಿಜ್ಯ ವಿಮಾನಗಳಿಗೆ ಮುಚ್ಚಿತ್ತು. ಆ ಅವಧಿಯಲ್ಲಿ ಪರದೇಶದಲ್ಲಿ ಡಾಕ್ಟೊರೇಟ್ ಮುಗಿಸಿದವನೊಬ್ಬನು ಊರಿಗೆ ಹೋಗಲಿಲ್ಲವೆಂದರೆ, ಅಬ್ದೊ ಸಯೀದನ ಮೇಲೆ ಹೊರಿಸಿದ ಅಪವಾದವನ್ನು ಅವನ ಮೇಲೂ ಹೊರಿಸುವುದು ವಿಮರ್ಶೆಯೂ ಅಲ್ಲ, ನ್ಯಾಯವೂ ಅಲ್ಲ. ಹೋದವರು ಮರೆತರೆಂಬ ಹಳೆಯ ದೂರು ಇಲ್ಲಿ ತಲೆಕೆಳಗಾಗಿದೆ. ಕರೆಯಬೇಕಾದ ಸಂಸ್ಥೆಯೇ ದನಿಗುಂದಿದೆ.

ಇನ್ನೊಂದು ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸರೂರಿ ತಮ್ಮ ಮೊದಲ ಕಾದಂಬರಿಯನ್ನು 1998ರಲ್ಲಿ ಬರೆದು ಪ್ರಕಟಿಸಿದ್ದು ಫ್ರೆಂಚಿನಲ್ಲಿ. ಅನಂತರದ ಕಾದಂಬರಿಗಳಿಗೆ ಅರಬ್ಬಿಯನ್ನು ಆರಿಸಿಕೊಂಡರು. ವಿಜ್ಞಾನದ ಜೀವನವೃತ್ತಿ ಫ್ರಾನ್ಸಿನಲ್ಲಿಯೇ ಉಳಿಯಿತು, ಕಥೆಯು ಮಾತ್ರ ತಾಯ್ನುಡಿಗೆ ಮರಳಿತು. ‘ಸುಸ್ಲೋವನ ಮಗಳು’ ಅಚ್ಚಾದದ್ದು ಏಡನ್ನಿನಲ್ಲಿ ಅಲ್ಲ, ಸನಾದಲ್ಲಿಯೂ ಅಲ್ಲ, ಬೈರೂತಿನಲ್ಲಿ.