ಸಾರಾಂಶ: ಯಾರ ಸಾರ?

‘ಈ ಪಾಠದ ಸಾರಾಂಶವನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಬರೆಯಿರಿ.’ ಸಾಲಿಯಿಂದ ಬಿ.ಎ.ತನಕ ಈ ಪ್ರಶ್ನೆಗೆ ಉತ್ತರ ಬರೆದು ಬರೆದೇ ಮೇಲೆ ಬಂದವನು ನಾನು. ನಮ್ಮ ಮನೆತನದಾಗ ಡಿಗ್ರಿ ಮುಗಿಸಿದ ಮೊದಲನೆಯವನು. ಈಗ ಮಮದಾಪುರದ ನಮ್ಮ ಓಣಿ ಹುಡುಗರಿಗೆ ಸಂಜೆ ಪಾಠ ಹೇಳುವಾಗ ಅದೇ ಪ್ರಶ್ನೆ ಮತ್ತೆ ಎದುರು ನಿಂತಿದೆ. ಕೇಳಲೇಬೇಕಾಗಿದೆ: ಈ ‘ಸ್ವಂತ’ ಯಾರ ಸ್ವಂತ?

ಬಿ.ಎ.ಯಲ್ಲಿ ದೇವನೂರ ಮಹಾದೇವರ ‘ಒಡಲಾಳ’ ಓದಿ ಹಿಂಗ ಬರೆದಿದ್ದೆ: ‘ಸಾಕವ್ವ ಕಳಕೊಂಡ ಹುಂಜಾ ಹುಡಕತಾಳ. ರಾತ್ರಿ ಮನಿ ಮಂದಿಯೆಲ್ಲಾ ಕೂತು ಎತ್ತಪ್ಪನ ಶೇಂಗಾ ತಿಂತಾರ. ಮುಂಜಾನಿ ಪೊಲೀಸರು ಬರತಾರ. ಗ್ವಾಡಿ ಮ್ಯಾಲ ಪುಟ್ಟಗೌರಿ ಬರದ ನವಿಲು ಐತಿ.’ ಮಾಸ್ತರರು ಕೆಂಪು ಗೀಟು ಎಳೆದರು. ‘ತಮ್ಮಾ, ಇದು ಕತಿ ಹೇಳಿದಂಗಾತು. ಭಾಷಾ ಸುಧಾರಸು’ ಅಂದರು. ಐದಕ್ಕೆ ಎರಡು. ‘ಪ್ರಸ್ತುತ ಕೃತಿಯಲ್ಲಿ ದಲಿತರ ಬಡತನ ಹಾಗೂ ಶೋಷಣೆ ಮನೋಜ್ಞವಾಗಿ ಚಿತ್ರಿಸಲ್ಪಟ್ಟಿದೆ’ ಎಂದು ಗೈಡಿನಿಂದ ಇಳಿಸಿದವನಿಗೆ ನಾಲ್ಕು.

ಆ ಗೈಡಿನ ವಾಕ್ಯವನ್ನು ಬಿಚ್ಚಿ ನೋಡಿ. ಶೋಷಣೆ ಇದೆ, ಶೋಷಿಸಿದವನಿಲ್ಲ. ಬಡತನ ಇದೆ, ಎತ್ತಪ್ಪ ಇಲ್ಲ. ಹಸಿದವರು ಒಟ್ಟಿಗೆ ಕೂತು ಶೇಂಗಾ ತಿಂದ ಆ ರಾತ್ರಿಯ ಸುಖವಂತೂ ಇಲ್ಲವೇ ಇಲ್ಲ. ‘-ಲ್ಪಟ್ಟಿದೆ’ ಎಂಬ ಬಾಲ ಮಾಡಿದವನನ್ನು ಮುಚ್ಚಿಡುತ್ತದೆ. ಈ ವಾಕ್ಯವನ್ನು ಯಾವ ದಲಿತ ಕತೆಗಾದರೂ ಅಂಟಿಸಬಹುದು, ಓದದೇ ಅಂಟಿಸಬಹುದು. ನಮ್ಮವ್ವ ಕಂಡವರ ಕಬ್ಬಿನ ಹೊಲದಾಗ ಕಸ ತೆಗೆಯುವಾಕಿ, ಅಕ್ಷರ ಬಾರದು. ಕತೆ ಹೇಳಿ ಮುಗಿಸಿದಾಗ ಆಕೆ ಕೇಳಿದ್ದು ಒಂದೇ: ‘ಹುಂಜಾ ಸಿಕ್ತೇನೋ?’ ಗೈಡಿನ ವಾಕ್ಯದಲ್ಲಿ ಹುಂಜವೇ ಇಲ್ಲ.

ನನ್ನ ಬರಹದಲ್ಲೂ ಕೊರತೆ ಇತ್ತು. ಹುಂಜಕ್ಕೂ ಪೊಲೀಸರಿಗೂ ನವಿಲಿಗೂ ಏನು ಸಂಬಂಧ ಎಂದು ನಾನು ಹೇಳಿರಲಿಲ್ಲ. ಮಾಸ್ತರರು ಅದನ್ನು ಕೇಳಿದ್ದರೆ ಕಲಿಯುತ್ತಿದ್ದೆ. ಅವರು ಹಿಡಿದದ್ದು ನನ್ನ ಭಾಷೆಯನ್ನು.

ಸಾರಾಂಶ ಪರೀಕ್ಷಾ ಕೋಣೆಯೊಳಗೇ ಮುಗಿಯುವ ಕೆಲಸವಲ್ಲ. 1973ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಆಡಿದ ಮಾತಿನಿಂದ ನಾಡು ಎತ್ತಿಕೊಂಡದ್ದು ಒಂದೇ ಪದ: ಬೂಸಾ. ಪದ ಹಿಡಿದರು, ಪದದ ಹಿಂದಿನ ಪ್ರಶ್ನೆಯನ್ನು ಬಿಟ್ಟರು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು.

ಸಾರಾಂಶದ ಇನ್ನೊಂದು ದಾರಿಯನ್ನು ಬಾಬಾಸಾಹೇಬರು ತೋರಿಸಿದ್ದಾರೆ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಳ ಅವರ ಭಾಷಣಕ್ಕೆ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಆ ಭಾಷಣವನ್ನು ‘ಜಾತಿ ವಿನಾಶ’ವೆಂದು ತಾವೇ ಅಚ್ಚು ಹಾಕಿಸಿದರು. ಗಾಂಧೀಜಿ ‘ಹರಿಜನ್’ ಪತ್ರಿಕೆಯಲ್ಲಿ ಟೀಕಿಸಿದಾಗ, 1937ರ ಎರಡನೆಯ ಮುದ್ರಣದಲ್ಲಿ ಗಾಂಧೀಜಿಯ ಬರಹವನ್ನೂ ಸೇರಿಸಿದರು. ಉತ್ತರ ಕೊಡುವಾಗ ತಮ್ಮ ವಾದದ ಮುಖ್ಯ ಅಂಶಗಳನ್ನು ಒಂದು, ಎರಡು ಎಂದು ಎಣಿಸಿ, ಮಹಾತ್ಮರು ಇವನ್ನು ಮುಟ್ಟಲೇ ಇಲ್ಲ ಎಂದರು. ಎದುರಾಳಿಯ ಮಾತನ್ನು ಮುಚ್ಚಿಡಲಿಲ್ಲ, ತನ್ನ ಮಾತನ್ನು ತೇಲಿಸಲೂ ಬಿಡಲಿಲ್ಲ. ಇದು ಸಾರಾಂಶ.

ಹಾಗಾಗಿ ನಮ್ಮ ಸಂಜೆ ಪಾಠದಲ್ಲಿ ಈಗ ನಾಲ್ಕು ಪ್ರಶ್ನೆಗೆ ಮಾರ್ಕು. ಯಾರು ಮಾಡಿದರು? ಯಾರಿಗೆ ಮಾಡಿದರು? ಏನನ್ನು ಬಿಟ್ಟರೆ ಕತೆ ಸಾಯುತ್ತದೆ? ಬರೆದವರ ಮಾತು ಎಲ್ಲಿ ಮುಗಿದು ನಿನ್ನ ಮಾತು ಎಲ್ಲಿ ಶುರುವಾಯಿತು? ಪರೀಕ್ಷೆಯ ಕನ್ನಡವನ್ನೂ ಕಲಿಸುತ್ತೇವೆ, ಹೊಟ್ಟೆಪಾಡಿಗೆ ಅದೂ ಬೇಕು. ಆದರೆ ಅದು ಆಮೇಲೆ.

ಗೆಳೆಯರೆ, ನಮ್ಮನ್ನೂ ನೋಡಿಕೊಳ್ಳೋಣ. ‘ಶೋಷಣೆಯ ವಿರುದ್ಧ ಸಿಡಿದೆದ್ದ ಕವಿತೆಗಳು’ ಎಂದು ಎಲ್ಲ ಸಂಕಲನಗಳಿಗೂ ಒಂದೇ ವಿಮರ್ಶೆ ಬರೆಯುವ ನಾವೂ ಗೈಡುಗಳೇ. ನಾನೂ ಬರೆದಿದ್ದೇನೆ. ಮಾಸ್ತರ ಗೆಳೆಯರೆ, ಮುಂದಿನ ಸಲ ಉತ್ತರಪತ್ರಿಕೆ ಕೈಗೆ ಬಂದಾಗ ಕೆಂಪು ಪೆನ್ನು ತೆರೆಯುವ ಮೊದಲು ಒಮ್ಮೆ ಕೇಳಿಕೊಳ್ಳಿ: ಈ ಹುಡುಗ ಓದಿ ಬರೆದನೋ, ಇಳಿಸಿ ಬರೆದನೋ? ಓದಿ ಬರೆದವನಿಗೆ ನಾಲ್ಕು ಕೊಡಿ.