ರೋಬಾಟನ ಬಿಟ್ಟಿ

ರೋಬಾಟ್ ಎಂದೊಡನೆ ವಾಚಕರ ಕಣ್ಣಮುಂದೆ ಕಬ್ಬಿಣದ ಬೊಂಬೆಯೊಂದು ನಿಲ್ಲುವುದಷ್ಟೆ. ಆ ಶಬ್ದವನ್ನು ಲೋಕಕ್ಕೆ ಕೊಟ್ಟ 'ಆರ್. ಯು. ಆರ್.' ನಾಟಕದಲ್ಲಿ ಅಂತಹ ಬೊಂಬೆ ಒಂದೂ ಇಲ್ಲ. ಚೆಕ್ ಲೇಖಕನಾದ ಕಾರೆಲ್ ಚಾಪೆಕನು ೧೯೨೦ರಲ್ಲಿ ಪ್ರಕಟಿಸಿದ ಈ ಕೃತಿಯ ರೋಬಾಟರು ಕಾರ್ಖಾನೆಯಲ್ಲಿ ಹುಟ್ಟಿದವರಾದರೂ ನೋಟಕ್ಕೆ ನಮ್ಮಂತೆಯೇ ಇರುವ ಆಳುಗಳು. ಹೆಸರನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ನುಡಿಯಲ್ಲಿ 'ರೋಬೊತಾ' ಎಂದರೆ ಒಕ್ಕಲು ತನ್ನ ಒಡೆಯನಿಗೆ ಸಲ್ಲಿಸಬೇಕಾಗಿದ್ದ ಕಡ್ಡಾಯದ ದುಡಿಮೆ. ನಮ್ಮ 'ಬಿಟ್ಟಿ'ಗೆ ತೀರ ಹತ್ತಿರದ ಮಾತು. ಬೊಹೀಮಿಯದಲ್ಲಿ ಅದು ರದ್ದಾದದ್ದು ೧೮೪೮ರಲ್ಲಿ. ಅಜ್ಜಂದಿರ ಆ ಬವಣೆಯೇ ಕಾರ್ಖಾನೆಯ ವೇಷ ತೊಟ್ಟು ಇಲ್ಲಿ ಮರಳಿ ಬಂದಿದೆ. ಆದುದರಿಂದ ಇದನ್ನು ಯಂತ್ರಯುಗದ ಭವಿಷ್ಯವಾಣಿಯೆಂದಷ್ಟೇ ಓದುವವರು ಅರ್ಧವನ್ನು ಓದಿದಂತೆ.

ದಂಗೆಯೆದ್ದ ರೋಬಾಟರು ಮನುಷ್ಯರನ್ನೆಲ್ಲ ಕೊಂದು ಆಲ್ಕ್ವಿಸ್ಟನೊಬ್ಬನನ್ನು ಮಾತ್ರ ಉಳಿಸುತ್ತಾರೆ. ಅವನೂ ತಮ್ಮಂತೆ ಕೈಯಿಂದ ದುಡಿಯುವವನೆಂದು! ನಾಟಕದ ತಿರುಳೆಲ್ಲ ಈ ಒಂದು ವಿನಾಯಿತಿಯಲ್ಲಿದೆ. ಕಡೆಯಲ್ಲಿ ಬರುವ ರೋಬಾಟರಿಬ್ಬರ ಪ್ರಣಯವು ಇದರ ಮುಂದೆ ತೀರ ಪೇಲವ.

ಶಬ್ದವು ಪ್ರಾಗಿನಿಂದ ಹೊರಟು ದೇಶದೇಶದ ಭಾಷೆಗಳನ್ನು ಹೊಕ್ಕಿತು. ದಾರಿಯಲ್ಲಿ ಆಳು ಕಳೆದುಹೋಗಿ ಯಂತ್ರವಷ್ಟೇ ಉಳಿಯಿತು. ಇಂದು ಕಾರ್ಖಾನೆಯ ಲೋಹದ ತೋಳಿಗೂ ಅದೇ ಹೆಸರು. ತನ್ನ ರೋಬಾಟರು ಲೋಹದವರಲ್ಲವೆಂದು ಚಾಪೆಕನೇ ೧೯೩೫ರಲ್ಲಿ ಪತ್ರಿಕೆಯೊಂದರಲ್ಲಿ ಆಕ್ಷೇಪಿಸಿದನು. ಲೋಕವು ಕಿವಿಗೊಡಲಿಲ್ಲ.