ಹೂತುಹೋಗದ ಗಾಡಿ

ಹಿಮದ ಮೇಲೆ ಓಡುವ ಮೋಟಾರು ಗಾಡಿಗಳ ಚರಿತ್ರೆ ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. ಇಲ್ಲಿ ಹಿಮವಿಲ್ಲ, ನಿಜ. ಎರೆಹೊಲವಿದೆ. ಜೋರು ಮಳೆಯ ಮರುದಿನ ಎರೆಯಲ್ಲಿ ಬಂಡಿ ಹೊಡೆದವರಿಗೆ ಗೊತ್ತು, ಎತ್ತುಗಳಿಗೆ ಕಸುವಿದ್ದರೂ ಗಾಲಿ ಅಚ್ಚಿನವರೆಗೆ ಇಳಿದುಬಿಡುತ್ತದೆ. ಭಾರವನ್ನು ನೆಲದ ಮೇಲೆ ಅಗಲವಾಗಿ ಹರಡಬೇಕು, ಹಿಡಿತ ತಪ್ಪಬಾರದು. ಕೆನಡಾದ ಹಿಮಕ್ಕೂ ನಮ್ಮ ಎರೆಗೂ ಲೆಕ್ಕ ಇದೇ. ಈ ಲೆಕ್ಕ ಹಿಡಿದು ನೋಡಿದರೆ ಆ ಚರಿತ್ರೆಯ ದೊಡ್ಡ ಹೆಸರುಗಳು ಕೊಂಚ ಸಣ್ಣವಾಗುತ್ತವೆ.

ಕ್ಯಾಪ್ಟನ್ ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೊರಟಾಗ ಮೂರು ಮೋಟಾರು ಸ್ಲೆಡ್ಜ್‌ಗಳನ್ನು ಒಯ್ದಿದ್ದ. ಒಂದೊಂದಕ್ಕೆ ಸುಮಾರು 1,000 ಪೌಂಡು ಬಿದ್ದಿತ್ತು. 1911ರ ಜನವರಿಯಲ್ಲಿ ಹಡಗಿನಿಂದ ಇಳಿಸುವಾಗಲೇ ಒಂದು, ಮಂಜುಗಡ್ಡೆ ಒಡೆದು ಸಮುದ್ರದ ಪಾಲಾಯಿತು. ಉಳಿದೆರಡು ಅಕ್ಟೋಬರ್‌ನಲ್ಲಿ ಹೊರಟು ಕೆಲವೇ ದಿನಗಳಲ್ಲಿ ಕೈಕೊಟ್ಟವು. ಅವುಗಳ ಚೈನುಪಟ್ಟಿ ಹಿಮದ ಮೇಲೆ ನಡೆಯಬಲ್ಲುದಾಗಿತ್ತು. ಸೋತದ್ದು ಇಂಜಿನ್ನು. ಅದು ಮಿತಿಮೀರಿ ಕಾಯುತ್ತಿತ್ತು, ಬೇರಿಂಗುಗಳು ಒಡೆಯುತ್ತಿದ್ದವು. ಗಾಡಿ ನಿಂತ ಮೇಲೆ ಅದರ ಜೊತೆಗಿದ್ದವರು ಸಾಮಾನು ಎಳೆದುಕೊಂಡು ನಡೆದೇ ಹೋದರು. ನನಗೆ ಇದಕ್ಕಿಂತ ಕಸಿವಿಸಿ ಮಾಡುವುದು ಬೇರೆ ಸಂಗತಿ. ಈ ಗಾಡಿಗಳನ್ನು ರೂಪಿಸುವಲ್ಲಿ ದುಡಿದ ಇಂಜಿನಿಯರ್ ರೆಜಿನಾಲ್ಡ್ ಸ್ಕೆಲ್ಟನ್‌ನನ್ನು ತಂಡದಿಂದ ಬಿಟ್ಟುಬಿಟ್ಟರು. ನೌಕಾದಳದಲ್ಲಿ ಅವನ ದರ್ಜೆ, ಉಪನಾಯಕನ ದರ್ಜೆಗಿಂತ ಮೇಲಿತ್ತು, ಅಷ್ಟೇ ಕಾರಣ. ಗಾಡಿಯನ್ನು ಹಡಗಿಗೇರಿಸಿ, ಅದನ್ನು ಮಾಡಿದವನನ್ನು ದಂಡೆಯಲ್ಲೇ ಬಿಟ್ಟುಹೋದ ಕಥೆ ಇದು. ಸ್ಕೆಲ್ಟನ್ ಇದ್ದಿದ್ದರೆ ಇಂಜಿನ್ನು ಉಳಿಯುತ್ತಿತ್ತೆಂದು ಹೇಳಲಾರೆ. ಆದರೆ ರಿಪೇರಿ ಬಲ್ಲವನಿಗಿಂತ ದರ್ಜೆ ಮುಖ್ಯವಾದ ತಂಡದಲ್ಲಿ ಯಂತ್ರಕ್ಕೆ ಆಯುಸ್ಸು ಎಷ್ಟಿದ್ದೀತು?

ಅಮೆರಿಕದ ವಿಸ್ಕಾನ್ಸಿನ್‌ನ ಸೇನರ್ ಎಂಬ ಊರಿನ ಕಾರ್ಲ್ ಎಲಿಯಾಸನ್ ಅಂಗಡಿಕಾರ. ಕಾಲಿನ ತೊಂದರೆಯಿಂದ ಹಿಮದಲ್ಲಿ ಗೆಳೆಯರ ಜೊತೆ ನಡೆಯಲಾಗುತ್ತಿರಲಿಲ್ಲ. 1924ರಲ್ಲಿ ದೋಣಿಯ ಸಣ್ಣ ಮೋಟಾರು, ಹಳೆಯ ಫೋರ್ಡ್ ಕಾರಿನ ಬಿಡಿಭಾಗ, ಸ್ಕೀ ಇವನ್ನೆಲ್ಲ ಕೂಡಿಸಿ ಒಂದು ಗಾಡಿ ಕಟ್ಟಿದ. 1927ರಲ್ಲಿ ಪೇಟೆಂಟ್ ಸಿಕ್ಕಿತು. ಮಾರಿದ್ದು ಬೆರಳೆಣಿಕೆ ಅನ್ನುವಷ್ಟು ಕಡಿಮೆ. ಆದರೂ ಸ್ಕಾಟ್‌ನ ಸ್ಲೆಡ್ಜ್‌ಗಿಂತ ಇದನ್ನೇ ನಾನು ಮೇಲಿಡುತ್ತೇನೆ. ಮಾಡಿದವನೇ ಹತ್ತಿ ಕೂತ ಗಾಡಿ ಇದು.

ಕ್ವಿಬೆಕ್‌ನ ವಾಲ್ಕೂರ್‌ನವನಾದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ. 1934ರ ಚಳಿಗಾಲದಲ್ಲಿ ಹಿಮದಿಂದ ದಾರಿ ಮುಚ್ಚಿ, ಆಸ್ಪತ್ರೆಗೆ ಒಯ್ಯಲಾಗದೆ ಅವನ ಎಳೆ ಮಗ ತೀರಿಕೊಂಡ. ಆ ದುಃಖದಿಂದ ಹಿಮದ ಬಸ್ಸು ಹುಟ್ಟಿತು. ದುಃಖ ಸುಳ್ಳಲ್ಲ, ಕಥೆ ಅರ್ಧ. ಅದಕ್ಕೂ ಹನ್ನೆರಡು ವರ್ಷ ಹಿಂದೆ, 1922ರಲ್ಲೇ, ಹದಿನೈದರ ಹುಡುಗ ಕೆಟ್ಟ ಫೋರ್ಡ್ ಇಂಜಿನ್ನಿಗೆ ಮರದ ಪಂಖ ಸಿಕ್ಕಿಸಿ ಹಿಮದಲ್ಲಿ ಓಡಿಸಿದ್ದ. ಅಪ್ಪ ಬೆದರಿ ಬಿಚ್ಚಿಸಿದ್ದ. ಮುಂದೆ ಗ್ಯಾರೇಜು, ವರ್ಷಗಟ್ಟಲೆ ತಂತಿ, ರಬ್ಬರು, ಗ್ರೀಸು. 1937ರಲ್ಲಿ ಪೇಟೆಂಟ್ ಸಿಕ್ಕಿದ್ದು ರಬ್ಬರು ಹೊದಿಸಿದ ಹಲ್ಲುಚಕ್ರಕ್ಕೆ, ಅದನ್ನು ಸುತ್ತುವ ಪಟ್ಟಿಗೆ. ಏಳು ಜನ ಕೂರುವ ಬಿ-7 ಗಾಡಿಯ ಜೀವಾಳ ಇದೇ. ಮಗನ ಸಾವಿನ ಬಗ್ಗೆ ಬರೆದಷ್ಟು ಹಲ್ಲುಚಕ್ರದ ಬಗ್ಗೆ ಯಾರೂ ಬರೆಯುವುದಿಲ್ಲ.

ನಮ್ಮಲ್ಲೂ ಇದೇ ಚಾಳಿ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಮುಗಿಬಿದ್ದದ್ದು, ನಿದ್ದೆಗಣ್ಣಿನ ಹುಡುಗ ಮುಖಕ್ಕೆ ನೀರು ಸುರಿಯುವ ಅಲಾರಂ ಮಾಡಿಕೊಂಡ ಕಥೆಗೆ. ಎರೆನೆಲದ ರೈತನಾಗಿ ಅವರು ಮಾಡಿದ ಬೀಜ-ಗೊಬ್ಬರ ಬಿತ್ತುವ ಕೂರಿಗೆ, ಹುಣಸೆ ಬೀಜ ಬೇರ್ಪಡಿಸುವ ಯಂತ್ರ ಹೇಗೆ ಕೆಲಸ ಮಾಡುತ್ತವೆ ಎಂಬುದು ಒಂದೆರಡು ಸಾಲಿಗೆ ಮುಗಿಯಿತು. ಹುಣಸೆ ಬಡಿದು ಬಡಿದು ಕೈ ನೊಂದ ಕೂಡ್ಲಿಗಿ ಸೀಮೆಯ ಹೆಂಗಸರು ಕೇಳುವುದು ಅಲಾರಂ ಕಥೆಯನ್ನಲ್ಲ.

ಬೊಂಬಾರ್ಡಿಯೆ ಗಾಡಿಗೆ ಮುಂದೆ ಹಿನ್ನಡೆಯೂ ಆಯಿತು. 1940ರ ದಶಕದ ಕೊನೆಗೆ ಕ್ವಿಬೆಕ್ ಸರ್ಕಾರ ಹಳ್ಳಿ ರಸ್ತೆಗಳ ಹಿಮವನ್ನೂ ತೆಗೆಸತೊಡಗಿದಾಗ ಹಿಮದ ಬಸ್ಸಿನ ವ್ಯಾಪಾರ ಕುಸಿಯಿತು. 1959ರ ಸ್ಕೀ-ಡೂ ಅವನನ್ನು ಜಗತ್ತಿಗೆ ಪರಿಚಯಿಸಿತು. ಅದು ಮೊದಲಿಗೆ ಕಾಡಿನ ಜನರ ಉಪಯೋಗಕ್ಕೆಂದು ಹುಟ್ಟಿ, ಬರಬರುತ್ತ ಶೋಕಿಯ ಗಾಡಿಯಾಯಿತು. ನನ್ನ ಲೆಕ್ಕದಲ್ಲಿ ಅವನ ಜಾಣ್ಮೆಗೆ ಸಾಕ್ಷಿ 1953ರ ಮಸ್ಕೆಗ್. ಜೌಗು ನೆಲದಲ್ಲಿ ಹೂಳದೆ ಓಡುವ ಪಟ್ಟಿ ಟ್ರಾಕ್ಟರು ಅದು. ಹಿಮಕ್ಕೆಂದು ಕಲಿತದ್ದನ್ನು ಕೆಸರಿಗೆ ತಂದ.

ತುಂಗಭದ್ರೆಯ ದಂಡೆಯ ಗದ್ದೆಗಳಲ್ಲಿ ಇದೇ ಕೆಲಸಕ್ಕೆ ಟ್ರಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್ ಸಿಕ್ಕಿಸುತ್ತಾರೆ. ಕೆಸರಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಗದ್ದೆಯಿಂದ ಗದ್ದೆಗೆ ಹೋಗುವಾಗ ಬಿಚ್ಚುವುದಕ್ಕೆ ಹೊತ್ತು ಹಿಡಿಯುತ್ತದೆಂದು ಡಾಂಬರಿನ ಮೇಲೂ ಓಡಿಸುತ್ತಾರೆ, ರಸ್ತೆ ಕಿತ್ತು ಹೋಗುತ್ತದೆ. ಅಧಿಕಾರಿಗಳು ದಂಡದ ಮಾತಾಡುತ್ತಾರೆ, ರೈತರು ಕೂಲಿಯ ಮಾತಾಡುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲೋ ಕೊಟ್ಟೂರಿನಲ್ಲೋ ಯಾವುದಾದರೂ ವೆಲ್ಡಿಂಗ್ ಅಂಗಡಿಯವನು ಗದ್ದೆಯ ಬದುವಿನಲ್ಲೇ ಚಟಕ್ಕನೆ ಮಡಚಿಡುವಂಥ ಕೇಜ್‌ವೀಲ್ ಮಾಡಿದರೆ ಮುಂದಿನ ವಿಮರ್ಶೆ ಅದರ ಮೇಲೆಯೇ ಬರೆಯುತ್ತೇನೆ. ಆ ಅಂಗಡಿಯವನ ಬಾಲ್ಯದ ಕಥೆ ಮಾತ್ರ ಕೇಳುವುದಿಲ್ಲ.